ಲಾರಿಯಲ್ಲಿ ಬರುವ ಗಂಗೆ

ಬಂದ ಮೊದಲ ಬೆಳಗ್ಗೆಯೇ ಭೂಮಿ ನಡುಗಿತು. ಚಾಪೆ ಹಾಸಿ ನೆಲದ ಮೇಲೆ ಮಲಗಿದ್ದವಳು ನಾನು. ಬೆನ್ನಿನ ಕೆಳಗೆ ಗುಡುಗುಡು ಸದ್ದು, ಕಿಟಕಿಯ ಗಾಜು ಗಿರಗಿರ ಅನ್ನುತ್ತಿತ್ತು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ತೊಟ್ಟಿಲಲ್ಲಿದ್ದ ಕೂಸನ್ನು ಬಾಚಿ ಎದೆಗವಚಿಕೊಂಡು, ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದೆ. ಕೆಳಗೆ ಹೋಗಿ ನೋಡಿದರೆ ಒಂದು ದೊಡ್ಡ ಲಾರಿ, ಅದರ ಬೆನ್ನ ಮೇಲೊಂದು ನೀಲಿ ತೊಟ್ಟಿ. ಆನೆಯ ಸೊಂಡಿಲಿನಂಥ ಪೈಪನ್ನು ಕಟ್ಟಡದ ಹೊಟ್ಟೆಯೊಳಕ್ಕೆ ಇಳಿಸಿ ಗಳಗಳ ಕಕ್ಕುತ್ತ ನಿಂತಿತ್ತು.

"ಏನಪ್ಪಾ ಇದು?" ಎಂದೆ, ಏದುಸಿರು ಬಿಡುತ್ತ.

"ನೀರು ಅಜ್ಜಿ, ನೀರು! ಯಾಕಿಂಗ್ ಓಡ್‌ಬಂದ್ರಿ?" ಎಂದ ಲಾರಿಯವನು.

"ಯಾರ ಮನೇಲಪ್ಪಾ ಮದುವೆ?"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಇಲ್ಲಿ ದಿನಾ ಮದುವೇನೇ ಅಜ್ಜಿ. ಬೆಳಗ್ಗೆ ಒಂದು, ಸಾಯಂಕಾಲ ಒಂದು."

ನಮ್ಮ ಶಿರಾ ಸೀಮೆಯ ಅಕ್ಕತಂಗಿಯರೇ, ಓದಲು ಬರುವವರು ಓದಿ, ಬಾರದವರು ಓದಿಸಿಕೊಂಡು ಕೇಳಿ. ನಮ್ಮಲ್ಲಿ ನೀರಿನ ಲಾರಿ ಬಂದರೆ ಯಾರದೋ ಮನೆಯಲ್ಲಿ ಚಪ್ಪರ ಎದ್ದಿದೆ ಎಂದೇ ಅರ್ಥ. ನಾನು ಕೇಳಿದ್ದರಲ್ಲಿ ತಪ್ಪೇನಿತ್ತು? ಆದರೆ ಯಲಹಂಕದಿಂದ ದೊಡ್ಡಬಳ್ಳಾಪುರದ ರಸ್ತೆ ಹಿಡಿದರೆ ಸಿಗುವ ಈ ಕಟ್ಟಡಕ್ಕೆ ಕಾವೇರಿ ನೀರಿನ ಪೈಪು ಬಂದಿಲ್ಲ. ಇವರದೇ ಬೋರೂ ಬತ್ತಿಹೋಗಿ, ಮೇಲೆ ಚಪ್ಪಡಿ ಮುಚ್ಚಿ, ಅದರ ಮೇಲೊಂದು ಹೂವಿನ ಕುಂಡ ಇಟ್ಟಿದ್ದಾರೆ, ಸಮಾಧಿಗೆ ಇಟ್ಟ ಹಾಗೆ. ಕುಡಿಯುವ ನೀರು, ತೊಳೆಯುವ ನೀರು ಎಲ್ಲವೂ ಲಾರಿಯಲ್ಲೇ. ಒಂದು ಲಾರಿಯ ತುಂಬ ನೀರಿಗೆ ಇಲ್ಲಿ "ಲೋಡು" ಅನ್ನುತ್ತಾರೆ. ನೆಲದಡಿಯ ತೊಟ್ಟಿಗೆ "ಸಂಪು". ನಾವು ಮರಳಿಗೂ ಇಟ್ಟಿಗೆಗೂ ಲೋಡು ಎನ್ನುತ್ತಿದ್ದೆವು. ಗಂಗಮ್ಮನಿಗೂ ಅದೇ ಮಾತು ಬಂದದ್ದು ನನಗೆ ಸರಿಬರಲಿಲ್ಲ.

ಇರಲಿ. ಕೂಸಿನ ಮಾತು ಮೊದಲು ಹೇಳದೆ ಹೋದರೆ ನನಗೆ ಉಂಡದ್ದು ಅರಗುವುದಿಲ್ಲ. ನನ್ನ ಮಗಳು ಶೋಭಾಳಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಇನ್ನು ಇಲ್ಲವೆಂದು ನಾನೂ ದೇವರೂ ಸುಮ್ಮನಾದ ಮೇಲೆ ಹುಟ್ಟಿದ ಹೆಣ್ಣುಕೂಸು. ಬಾಣಂತನಕ್ಕೆ ಅವಳೇ ತವರಿಗೆ ಬರಬೇಕಿತ್ತು. ಹೆರಿಗೆ ಇಲ್ಲೇ ಆಗಿ, ಡಾಕ್ಟರು ಅಲುಗಾಡಬಾರದು ಎಂದರು, ತವರೇ ಎದ್ದು ಬಂತು. ಶೋಭಾ ಯಲಹಂಕದ ಒಂದು ಶಾಲೆಯಲ್ಲಿ ಮೇಡಂ. ಅಳಿಯ ರಘು ಹೆಬ್ಬಾಳದಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ. ರಜೆ ಮುಗಿದ ಮೇಲೆ ಕೂಸನ್ನು ನೋಡಿಕೊಳ್ಳುವವರು ಬೇಕಲ್ಲ, ಹಾಗಾಗಿ ನಾನು ಇಲ್ಲಿಯವಳೇ ಆದೆ. ಕೂಸು ಹೇಗಿದೆ ಎಂದು ಕೇಳುತ್ತೀರಿ. ಹೇಳಿದರೆ ದೃಷ್ಟಿಯಾದೀತು. ಆದರೂ ಹೇಳುತ್ತೇನೆ: ಕೆನ್ನೆ ಎಂದರೆ ಆಗಷ್ಟೇ ಬೆಂದ ಇಡ್ಲಿ. ಮುಷ್ಟಿಯೊಳಗೆ ನನ್ನ ಹೆಬ್ಬೆರಳು ಹಿಡಿದರೆ ಬಿಡುವುದಿಲ್ಲ. ಚಿನ್ನಿ ಎಂದು ಕರೆದರೆ ತಿರುಗುತ್ತದೆ. ರಘು "ಅತ್ತೆ, ಅದು ಫ್ಯಾನ್ ನೋಡ್ತಿದೆ" ಎನ್ನುತ್ತಾನೆ. ಅವನಿಗೇನು ಗೊತ್ತು!

ಈ ಊರಿನಲ್ಲಿ ನಾನು ಗೆದ್ದದ್ದು ಒಂದೇ ಕಡೆ, ಬಚ್ಚಲಲ್ಲಿ. ಲಿಫ್ಟಿಗೆ ಹೆದರಿದೆ. ಎದುರು ಮನೆಯ ಒಡಿಶಾದ ಹೆಂಗಸಿನ ಜೊತೆ ನಗುವುದೊಂದನ್ನು ಬಿಟ್ಟು ಬೇರೆ ಮಾತು ಬರಲಿಲ್ಲ. ಹಗಲೆಲ್ಲ ಬಾಗಿಲು ಮುಚ್ಚಿಕೊಂಡೇ ಇರುವ ಮನೆಗಳನ್ನು ನೋಡಿ, ಯಾರಾದರೂ ತೀರಿಕೊಂಡಿರಬಹುದೇ ಎಂದುಕೊಳ್ಳುತ್ತಿದ್ದೆ. ಆದರೆ ಕಾಲು ಚಾಚಿ ಕೂತು, ಕಣಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿ, ಹರಳೆಣ್ಣೆ ನೀವಿ, ಕಡಲೆಹಿಟ್ಟು ಹಚ್ಚಿ, ಹದವಾದ ಬಿಸಿನೀರು ಎರೆಯುತ್ತಿದ್ದರೆ ನಾನೇ ರಾಣಿ. ಚೊಂಬಿನ ಮೇಲೆ ಚೊಂಬು. ಬಕೆಟ್ಟಿನ ಮೇಲೆ ಬಕೆಟ್ಟು. ಕೂಸಿಗೆ ಆದ ಮೇಲೆ ಬಾಣಂತಿಗೆ. ಸೊಂಟದ ಮೇಲೆ ಸುಡುಸುಡು ನೀರು ಧಾರಾಳವಾಗಿ ಬೀಳಬೇಕು, ಆಗಲೇ ಮೂಳೆ ಕೂಡುವುದು ಎಂದು ನಮ್ಮ ಅತ್ತೆ ಹೇಳಿಕೊಟ್ಟ ಪಾಠ. ನೀರು ಹರಿದಷ್ಟೂ ನನ್ನ ಸಂತೋಷ ಹರಿಯುತ್ತಿತ್ತು.

ಶೋಭಾಳದು ಬೇರೆಯೇ ಒಂದು ವ್ರತ. ಮನಸ್ಸಾಕ್ಷಿಗೆ ಒಪ್ಪದ್ದನ್ನು ಕೊಳ್ಳುವುದಿಲ್ಲ ಎಂಬ ವ್ರತ. ಕೂಸಿಗೆ ಹಾಕಿ ಎಸೆಯುವ ಪೇಟೆಯ ಚಡ್ಡಿ ಬೇಡ, ಅದು ಮಣ್ಣಲ್ಲಿ ಕರಗುವುದಿಲ್ಲ. ಹಳೆ ಸೀರೆಯ ಬಟ್ಟೆಯೇ ಸಾಕು. ಫೋನಿನಲ್ಲಿ ಒತ್ತಿದರೆ ಕ್ಷಣದಲ್ಲಿ ಬರುವ ಸಾಮಾನು ಬೇಡ, ತರುವವನು ಜೀವ ಕೈಯಲ್ಲಿ ಹಿಡಿದು ಬಂದಿರುತ್ತಾನೆ. ಸೋಪು ಯಾವ ಎಣ್ಣೆಯದು, ಬಟ್ಟೆ ಹೊಲಿದವರಿಗೆ ಕೂಲಿ ಸರಿಯಾಗಿ ಸಿಕ್ಕಿತೇ, ಎಲ್ಲ ಕೇಳಬೇಕು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಯೋಚಿಸಿದೆ. ಇದು ನಮ್ಮದೇ ನಡೆಯಲ್ಲವೇ? ಕರು ಕುಡಿಯುವಷ್ಟು ಬಿಟ್ಟು ಹಾಲು ಕರೆಯುತ್ತಿದ್ದೆವು. ಹಾಲು ಮಾರಿದರೂ ಮಜ್ಜಿಗೆ ಮಾರುತ್ತಿರಲಿಲ್ಲ, ಕೇಳಿದವರ ಚೊಂಬಿಗೆ ಸುಮ್ಮನೆ ಹೊಯ್ಯುತ್ತಿದ್ದೆವು. ನೀರು ಮಾರುವುದಂತೂ ಬಾಯಲ್ಲಿ ಆಡುವ ಮಾತೇ ಆಗಿರಲಿಲ್ಲ. ಮಗಳು ಪುಸ್ತಕದಲ್ಲಿ ಓದಿ ಅಲ್ಲಿಗೇ ಬಂದು ನಿಂತಿದ್ದಾಳೆ ಎಂದು ಹೆಮ್ಮೆಯಾಯಿತು. ನಾನೂ ಅವಳ ವ್ರತಕ್ಕೆ ಸೇರಿದೆ.

ಯಲಹಂಕದ ಹಳೇ ಪೇಟೆಗೆ ಬಟ್ಟೆಚೀಲ ಹಿಡಿದು ಹೋಗಿ, ಕಂಡ ಕಂಡದ್ದಕ್ಕೆಲ್ಲ ಕುಲಗೋತ್ರ ಕೇಳತೊಡಗಿದೆ. ಒಂದು ದಿನ ದಂಟಿನ ಸೊಪ್ಪು ಮುಟ್ಟಿ, "ಇದು ಯಾವ ನೀರಲ್ಲಿ ಬೆಳೆದದ್ದಮ್ಮಾ? ಮೋರಿ ನೀರೋ, ಬಾವಿ ನೀರೋ?" ಎಂದೆ.

ಸೊಪ್ಪಿನವಳು ಸೊಂಟಕ್ಕೆ ಕೈಯಿಟ್ಟಳು. "ಅಲ್ಲಾ ಅಜ್ಜಿ, ಸೊಪ್ಪು ತಗೊಳ್ಳಕ್ಕೆ ಬಂದ್ರೋ ಹೆಣ್ಣು ನೋಡಕ್ಕೆ ಬಂದ್ರೋ? ಜಾತಕಾನೂ ತರಿಸ್ಲಾ?"

"ತರಿಸು. ಕೂಡಿ ಬಂದ್ರೆ ಎರಡು ಕಟ್ಟು ತಗೊಳ್ತೀನಿ."

ಸುತ್ತಲಿದ್ದವರೆಲ್ಲ ನಕ್ಕರು. ಮನೆಗೆ ಬಂದು ಹೇಳಿದರೆ ಶೋಭಾಳೂ ನಕ್ಕಳು. ಹೀಗೆ ನಗುತ್ತಲೇ ಎಲ್ಲವನ್ನೂ ಕೇಳಿದೆವು, ಒಂದನ್ನು ಬಿಟ್ಟು.

ಅದು ಬೆಳಕಿಗೆ ಬಂದದ್ದು ಗಂಗೆ ಪೂಜೆಯಿಂದ. ನಿಮಗೆ ಹೊಸದಾಗಿ ಹೇಳಬೇಕೇ? ಬಾಣಂತಿ ಮೈಲಿಗೆ ಕಳೆದ ಮೇಲೆ ಬಾವಿಗೆ ಹೋಗಿ, ಅರಿಸಿನ ಕುಂಕುಮ ಇಟ್ಟು, ವೀಳ್ಯದೆಲೆ ಬಾಳೆಹಣ್ಣು ಅರ್ಪಿಸಿ, ನನ್ನ ಕೂಸನ್ನು ಕಾಪಾಡಿದೆ ತಾಯಿ ಎಂದು ಕೈಮುಗಿದು, ಒಂದು ಕೊಡ ನೀರು ಸೊಂಟದ ಮೇಲಿಟ್ಟುಕೊಂಡು ಮನೆಗೆ ತರಬೇಕು. ಅಕ್ಕಪಕ್ಕದ ಮುತ್ತೈದೆಯರನ್ನು ಕರೆದು ಗುಗ್ಗರಿ ಹಂಚಬೇಕು. ಅಲ್ಲಿಯ ತನಕ ಅವಳು ನೀರು ಸೇದುವಂತಿಲ್ಲ. ನಾನು ದಿನ ನೋಡಿ ಕಡಲೆ ನೆನೆಹಾಕಲು ಹೊರಟೆ.

"ಅವ್ವಾ, ಇಲ್ಲಿ ಬಾವಿ ಎಲ್ಲಿದೆ?" ಎಂದಳು ಶೋಭಾ. "ಬಕೆಟ್ಟಿಗೇ ಕುಂಕುಮ ಇಟ್ಟು ಮಾಡ್‌ಬಿಡೋಣ. ಇಲ್ಲೆಲ್ಲಾ ಹಂಗೇ ಮಾಡೋದು."

"ಬಕೆಟ್ಟಿಗೆ ಗಂಗಮ್ಮ ಎಲ್ಲಿಂದ ಬಂದ್ಲು?"

"ಟ್ಯಾಂಕರಿಂದ."

"ಟ್ಯಾಂಕರಿಗೆ?"

ಸೋಪಿಗೆ ಕೇಳುವವಳು, ಸೀರೆಗೆ ಕೇಳುವವಳು, ಇದನ್ನು ಮಾತ್ರ ಕೇಳಿರಲಿಲ್ಲ. ಅವಳ ಮುಖ ನೋಡಿ ನನಗೆ ಪಾಪ ಅನ್ನಿಸಿತು.

ಮಾರನೆಯ ದಿನ ಲಾರಿಯವನಿಗೆ ಕಾಫಿ ಕೊಟ್ಟೆ. ಅವನ ಹೆಸರು ಮುನಿರಾಜು, ರಾಜಾನುಕುಂಟೆ ಕಡೆಯ ಹಳ್ಳಿಯವನು. ನನ್ನ ಮದುವೆಯ ಮಾತಿಗೆ ನಕ್ಕ ಮೇಲೆ ನನ್ನ ಮೇಲೆ ಅವನಿಗೆ ವಿಶ್ವಾಸ. ನೀರು ತುಂಬುವ ಜಾಗ ತೋರಿಸು, ಮಗಳಿಂದ ಪೂಜೆ ಮಾಡಿಸಬೇಕು ಎಂದೆ.

"ಬ್ಯಾಡ ಅಜ್ಜಿ."

"ಯಾಕಪ್ಪಾ?"

"ಅದು ಪೂಜೆ ಮಾಡೋ ಜಾಗ ಅಲ್ಲ. ಊದುಬತ್ತಿ ವಾಸ್ನೆ ಅಲ್ಲಿ ನಿಲ್ಲಲ್ಲ, ಬರೀ ಡೀಸಲ್ಲು."

"ಗಂಗಮ್ಮ ಇರೋ ಕಡೆ ಎಲ್ಲಾ ಪೂಜೆ ಜಾಗಾನೇ ಕಣಪ್ಪಾ."

ಅವನು ಲೋಟದೊಳಗೆ ನೋಡುತ್ತ ನಿಂತ. "ಅವ್ಳೆ ಅಂತಾನೇ ನಾವೂ ಅನ್ಕೊಂಡಿರೋದು ಅಜ್ಜಿ. ಆದ್ರೆ ವರ್ಸವರ್ಸಕ್ಕೂ ಕೆಳಕ್ಕೆ ಇಳೀತಾವ್ಳೆ. ನಾವು ಪೈಪ್ ಇಳಿಸ್ದಂಗೆಲ್ಲಾ ಅವ್ಳು ಇನ್ನೂ ಕೆಳಕ್ಕೋಗ್ತಾಳೆ."

ಹಾಗೆ ಹೇಳಿದವನು ಯಾಕೋ ಬಲಗಡೆ ಎಡಗಡೆ ನೋಡಿ, "ನಾನು ಏಳ್ದೆ ಅನ್ಬೇಡಿ. ಭಾನುವಾರ ನನ್ನ ಗಾಡಿ ಇಂದೆ ಬನ್ನಿ" ಎಂದ.

ಭಾನುವಾರ ರಘು ಸ್ನೇಹಿತನ ಕಾರು ತಂದ. ಶೋಭಾ ಹಸಿರು ಸೀರೆ ಉಟ್ಟಳು. ಕೂಸಿಗೆ ಕಾಡಿಗೆ ಹಚ್ಚಿ, ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟೆ. ತಾಮ್ರದ ಬಿಂದಿಗೆ ತೊಳೆದು ತೊಡೆಯ ಮೇಲಿಟ್ಟುಕೊಂಡೆ. ನನ್ನ ಸಡಗರ ಕೇಳಬೇಡಿ, ದಿಬ್ಬಣ ಹೊರಟ ಹಾಗಿತ್ತು. ಮುನಿರಾಜುವಿನ ಖಾಲಿ ಲಾರಿ ಮುಂದೆ, ನಾವು ಹಿಂದೆ.

ಊರು ಬಿಟ್ಟಂತೆ ಲೇಔಟುಗಳ ಕಮಾನು, ಕಲ್ಲು ನೆಟ್ಟ ಹೊಲ, ಒಂದೊಂದು ಕಡೆ ದ್ರಾಕ್ಷಿ ಚಪ್ಪರ. ಬಳ್ಳಿ ಒಣಗಿ ಕಂಬ ಮಾತ್ರ ನಿಂತ ಚಪ್ಪರಗಳೂ ಇದ್ದವು. ರಾಜಾನುಕುಂಟೆ ದಾಟಿ ಮಣ್ಣಿನ ದಾರಿಗೆ ತಿರುಗಿದಾಗ ಒಂದನ್ನು ಕಂಡೆ. ಎದುರಿನಿಂದ ತುಂಬಿದ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಅವುಗಳಿಂದ ಸೋರಿದ ನೀರು ಧೂಳಿನ ಮೇಲೆ ಕಪ್ಪಗೆ ಒಂದು ಗೆರೆ ಎಳೆದಿತ್ತು. ಗಾಯಗೊಂಡ ಪ್ರಾಣಿ ನಡೆದುಹೋದ ದಾರಿಯ ಹಾಗೆ. ಆ ಗೆರೆಯ ಎರಡೂ ಕಡೆ ನಾಯಿಗಳು ನೆಲ ನೆಕ್ಕುತ್ತಿದ್ದವು. ಶೋಭಾ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಬಿಸಿಲಿಗಾಗಿ ಎಂದುಕೊಂಡೆ, ಬಿಸಿಲಿಗಲ್ಲ, ಆ ನೋಟ ಕೂಸಿನ ಕಣ್ಣಿಗೆ ಬೀಳದಿರಲೆಂದು.

ಆ ಜಾಗಕ್ಕೆ ಅವರು "ಪಾಯಿಂಟು" ಅನ್ನುತ್ತಾರೆ. ಸುತ್ತ ತಗಡಿನ ಬೇಲಿ, ಒಳಗೆ ಸಾಲಾಗಿ ನೆಲದಿಂದ ಎದ್ದ ಕಬ್ಬಿಣದ ಪೈಪುಗಳು, ಕಿವಿ ಕಿತ್ತುಹೋಗುವಂಥ ಸದ್ದು. ಒಂದು ಗಿಡವಿಲ್ಲ, ಒಂದು ಹಕ್ಕಿಯಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವನೊಬ್ಬ ಎದ್ದು ಬಂದ.

"ಯಾರ್ರೀ ನೀವು? ಫೋಟೋ ಗೀಟೋ ತೆಗೀಬೇಡಿ, ಈಗ್ಲೇ ಹೇಳ್ತಿದೀನಿ."

"ಫೋಟೋ ಅಲ್ಲ ಕಣಪ್ಪಾ, ಪೂಜೆ. ಬಾಣಂತಿ ಬಂದವಳೆ."

ಅವನು ಕೂಸನ್ನು ನೋಡಿದ, ಬಿಂದಿಗೆಯನ್ನು ನೋಡಿದ. ಆಮೇಲೆ, ನಂಬಿ, ಕಾಲಿನ ಚಪ್ಪಲಿ ಬಿಟ್ಟ. "ಮಾಡ್ಕೊಳಮ್ಮಾ. ಬೇಗ ಆಗ್ಲಿ, ಗಾಡಿಗಳು ಕಾಯ್ತಾವೆ."

ನಾನು ಪೈಪಿಗೆ ಅರಿಸಿನ ಹಚ್ಚಲು ಕೈಯಿಟ್ಟೆ. ಅದು ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಕೈ ಹಿಂದಕ್ಕೆ ತೆಗೆದೆ. ಏನೋ ಸರಿಯಿಲ್ಲ ಅನ್ನಿಸಿತು. ಸರಿಯಿಲ್ಲದ್ದು ಏನೆಂದು ಹೊಳೆದಾಗ ಸಮಾಧಾನವೂ ಆಯಿತು: ಮುತ್ತೈದೆಯರನ್ನೇ ಕರೆದಿಲ್ಲ! ನೀರಿನ ಊರಿನ ಹೆಂಗಸರಿಲ್ಲದೆ ಗಂಗೆ ಪೂಜೆ ಉಂಟೇ? ಶೋಭಾಳನ್ನು ನೆರಳಿನಲ್ಲಿ ಕೂರಿಸಿ, ಕುಂಕುಮದ ಬಟ್ಟಲು ಹಿಡಿದು ಬೇಲಿಯ ಆಚೆಗಿದ್ದ ಹಳ್ಳಿಗೆ ಒಬ್ಬಳೇ ನಡೆದೆ. ಇದಕ್ಕಿಂತ ದೊಡ್ಡ ತಪ್ಪು ನಾನು ಈ ಊರಿಗೆ ಬಂದ ಮೇಲೆ ಮಾಡಿಲ್ಲ.

ಮೊದಲ ಮನೆಯ ಜಗಲಿಯಲ್ಲಿ ನನ್ನ ವಾರಿಗೆಯ ಹೆಂಗಸೊಬ್ಬಳು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಹೆಸರು ನಂಜಮ್ಮ. ಪಕ್ಕದಲ್ಲಿ ತುಂಬು ಬಸುರಿ ಸೊಸೆ. ಸುತ್ತ ಖಾಲಿ ಕೊಡಗಳು, ಹಳದಿ, ಹಸಿರು, ಕೆಂಪು. ನಾನು ಕುಂಕುಮ ಕೊಟ್ಟು, "ನಮ್ಮ ಹುಡುಗಿ ಗಂಗೆ ಪೂಜೆ ಮಾಡ್ತಾಳೆ, ಎಲ್ರೂ ಬಂದು ಹರಸಿ ಹೋಗ್ಬೇಕು ಕಣಮ್ಮ" ಎಂದೆ.

ನಂಜಮ್ಮನ ಮುಖ ಅರಳಿತು. "ಅಯ್ಯೋ ಬತ್ತೀವಿ ಕಣವ್ವಾ, ಅದ್ಕೇನು! ಎಷ್ಟು ದಿನಾಯ್ತು ಇಂಗೆ ಯಾರಾನಾ ಕರ್ದು! ಎಲ್ಲಿ ಪೂಜೆ?"

"ಅಗೋ, ಅಲ್ಲಿ. ಪಾಯಿಂಟಲ್ಲಿ."

ಹುಣಸೆಹಣ್ಣು ಬಿಡಿಸುತ್ತಿದ್ದ ಕೈ ನಿಂತಿತು. ಸೊಸೆ ಎದ್ದು ಒಳಗೆ ಹೋದಳು.

"ಆ ನೀರು ಕುಡಿಯೋರು ನೀವೇನಾ?" ಎಂದಳು ನಂಜಮ್ಮ.

ಜಗಳದ ದನಿಯಾಗಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ನನ್ನ ಬಾಯಿ ನಿಮಗೆ ಗೊತ್ತು. ಅದು ಜಗಳದ ದನಿಯಲ್ಲ. ಬಹಳ ದಿನದಿಂದ ಹುಡುಕುತ್ತಿದ್ದವರು ಕೊನೆಗೆ ಮನೆ ಬಾಗಿಲಿಗೇ ಬಂದರಲ್ಲ ಎಂಬ ದನಿ.

"ಬಾ ಇಲ್ಲಿ" ಎಂದು ನನ್ನ ಮಣಿಕಟ್ಟು ಹಿಡಿದು ಹಿತ್ತಲಿಗೆ ಕರೆದೊಯ್ದಳು. ಕಲ್ಲು ಕಟ್ಟಿದ ದೊಡ್ಡ ಬಾವಿ. ಮೆಟ್ಟಿಲಿನ ಬದಿಯ ಗೂಡಿನಲ್ಲಿ ಹಳೆಯ ಕುಂಕುಮ ಕಪ್ಪಾಗಿ ಅಂಟಿಕೊಂಡಿತ್ತು. ಅವಳು ಒಂದು ಕಲ್ಲು ಎತ್ತಿ ಒಳಗೆ ಹಾಕಿದಳು. ನಾನು ಕಾದೆ. ಬಹಳ ಹೊತ್ತಿನ ಮೇಲೆ ಕಲ್ಲಿಗೆ ಕಲ್ಲು ತಾಗಿದ ಸದ್ದು ಬಂತು. ಒಣ ಸದ್ದು.

"ನಾನು ಈ ಮನೆಗೆ ಬಂದಾಗ ಬಗ್ಗಿ ಮುಳುಗಿಸ್ಕೊತಿದ್ವಿ ಬಿಂದಿಗೇನ. ನನ್ ಇಬ್ರು ಸೊಸೇರು ಇಲ್ಲೇ ಗಂಗೆ ಪೂಜೆ ಮಾಡಿದ್ದು. ಇವ್ಳು ಮೂರ್ನೇವ್ಳು. ಎರಿಗೆ ಆದ್ಮೇಲೆ ಕೂಸು ಎತ್ಕೊಂಡು ಪೂಜೆಗೆ ಎಲ್ಲಿಗೆ ಓಗ್ಬೇಕು ಏಳು?"

ನಾನು ಕುಂಕುಮದ ಬಟ್ಟಲನ್ನು ಬಾವಿಯ ಕಟ್ಟೆಯ ಮೇಲಿಟ್ಟೆ.

"ಅಂಗಂತ ಪಾಯಿಂಟಿನೋನು ಯಾರೋ ದೂರದೋನು ಅನ್ಕೋಬೇಡ. ನನ್ ಮೈದುನನ ಮಗನೇ ಅವ್ನು. ಜಗಳ ಆಡುದ್ರೆ ಏನಂತಾನೆ ಗೊತ್ತಾ? ದೊಡ್ಡಮ್ಮಾ, ನಾನು ನಿಲ್ಸುದ್ರೆ ಪಕ್ಕದೋನು ಕೊರೀತಾನೆ, ಕೊಳ್ಳೋರು ಇರೋಗಂಟ ಮಾರೋರು ಇರ್ತಾರೆ ಅಂತಾನೆ. ಈಗ ನಾವೂ ಅವನತ್ರಾನೇ ತಗೊಳ್ಳೋದು. ನಮ್ ಬಾವೀದು, ನಮಗೇ."

ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ಶೋಭಾ ಬಂದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳೋ, ಬಾವಿ ನೋಡಿಯೇ ತಿಳಿದುಕೊಂಡಳೋ, ಗೊತ್ತಿಲ್ಲ. ಬಾವಿಯ ಕಟ್ಟೆಗೆ ಒರಗಿ ಅಳುವುದಕ್ಕೆ ಶುರುಮಾಡಿದಳು. ಅವಳು ಅಳುವುದನ್ನು ಕಂಡು ಕೂಸೂ ಚೀರಿತು. ನಂಜಮ್ಮ ಗದರಿದಳು: "ಅಸಿ ಬಾಣಂತಿ ಅಳ್ತಾರಾ? ಹಾಲು ಕೆಡ್ತದೆ. ಕೊಡಿಲ್ಲಿ!" ಕೂಸನ್ನು ಕಿತ್ತುಕೊಂಡು ಹೆಗಲಿಗೆ ಹಾಕಿ ತಟ್ಟಿದಳು. ಅದು ಅವಳ ಕಿವಿಯೋಲೆ ಹಿಡಿದು ಸುಮ್ಮನಾಯಿತು. ನನ್ನ ಕೂಸು ಅವಳ ಹೆಗಲ ಮೇಲೆ, ಅವಳ ನೀರು ನನ್ನ ಕೂಸಿನ ಮೈಮೇಲೆ. ನೋಡಲಾರದೆ ನೆಲ ನೋಡಿದೆ.

ಪೂಜೆ ಅಲ್ಲೇ, ಆ ಬತ್ತಿದ ಬಾವಿಗೇ ಆಯಿತು. ಶೋಭಾ ಪಾಯಿಂಟಿನ ಪೈಪಿಗೆ ಕುಂಕುಮ ಇಡುವುದಿಲ್ಲ ಎಂದಳು. ನಾನೂ ಒತ್ತಾಯಿಸಲಿಲ್ಲ. ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದರು. ಗುಗ್ಗರಿ ತೆಗೆದುಕೊಂಡರು, ಯಾರೂ ನಗಲಿಲ್ಲ. ಕೊನೆಗೆ ಬಿಂದಿಗೆ ಖಾಲಿಯಾಗಿ ಹೋಗುವಂತಿಲ್ಲವಲ್ಲ. ನಾನು ಅದನ್ನು ಸೆರಗಿನ ಹಿಂದೆ ಮರೆಮಾಡಲು ನೋಡಿದೆ. ನಂಜಮ್ಮ ಬಿಡಲಿಲ್ಲ. ಒಳಗಿಂದ ತನ್ನ ಮನೆಯ ಹಂಡೆಯ ನೀರನ್ನು ಚೊಂಬಿನಲ್ಲಿ ತಂದು ತಂದು ಹೊಯ್ದಳು.

"ಬ್ಯಾಡ ಕಣೇ, ನಂಜಮ್ಮಾ. ನಿನ್ನ ಕಾಲಿಗೆ ಬೀಳ್ತೀನಿ."

"ಮುಚ್ಚು ಬಾಯಿ. ಬಾಣಂತೀನ ಬರೀ ಬಿಂದಿಗೇಲಿ ಕಳ್ಸಿದ್ರು ಅಂತ ನಮ್ಮೂರಿಗೆ ಎಸ್ರು ಬರ್ಬೇಕಾ?"

ತೆಗೆದುಕೊಂಡರೆ ಪಾಪ, ತೆಗೆದುಕೊಳ್ಳದಿದ್ದರೆ ಅವಮಾನ. ಶೋಭಾ ಬಿಂದಿಗೆಯನ್ನು ಸೊಂಟಕ್ಕೇರಿಸಿ ಕಾರಿನ ತನಕ ನಡೆದಳು. ಒಂದು ಹನಿಯೂ ಚೆಲ್ಲಲಿಲ್ಲ. ಹಿಂದಿರುಗುವಾಗ ನಮ್ಮ ಮುಂದೆ ಮುನಿರಾಜುವಿನ ತುಂಬಿದ ಲಾರಿ ಸೋರುತ್ತ ಹೋಗುತ್ತಿತ್ತು, ನಮ್ಮ ಮನೆಗೇ.

ಆಮೇಲೆ ನಾವು ಕೈಲಾದದ್ದೆಲ್ಲ ಮಾಡಿದೆವು. ಬಾಣಂತಿಗೆ ಬಕೆಟ್ಟುಗಟ್ಟಲೆ ಎರೆಯುವುದನ್ನು ನಿಲ್ಲಿಸಿದೆ. ಅತ್ತೆ ಮೇಲಿನಿಂದ ಶಪಿಸಿದರೆ ಶಪಿಸಲಿ. ಕೂಸಿನ ಕೆಳಗೆ ದೊಡ್ಡ ಬೇಸಿನ್ ಇಟ್ಟು, ಬಿದ್ದ ನೀರಲ್ಲೇ ಅದರ ಬಟ್ಟೆ, ಬಟ್ಟೆಯ ನೀರಲ್ಲಿ ನೆಲ, ನೆಲದ ನೀರು ಗಿಡಕ್ಕೆ. ಎದುರು ಮನೆಯ ಒಡಿಶಾದವಳಿಗೂ ಕೈಸನ್ನೆಯಲ್ಲೇ ಕಲಿಸಿದೆ. ರಘು ಕಾವೇರಿ ನೀರು ಬರುವ ಬಡಾವಣೆಗಳಲ್ಲಿ, ಆರ್.ಟಿ. ನಗರದ ಕಡೆ, ಬಾಡಿಗೆ ಮನೆ ವಿಚಾರಿಸಿ ಬಂದ. ನಮ್ಮ ಕೈಗೆ ಎಟಕುವಂಥದ್ದಲ್ಲ. ಶೋಭಾಗೆ ಅದೂ ಸಮಾಧಾನವಲ್ಲ. "ಅದೂ ಯಾರದೋ ಗದ್ದೆ ದಾಟಿ ಬರೋ ನೀರು ತಾನೆ, ಅವ್ವಾ" ಎಂದಳು. ಕೇಳುತ್ತ ಹೋದರೆ ತಳವೇ ಸಿಗುವುದಿಲ್ಲ ಎಂದು ನನಗೆ ಆಗ ಭಯವಾಯಿತು. ಬೆಳಗಿನ ಜಾವ ನೆಲ ನಡುಗಿದಾಗ ಈಗ ಓಡುವುದಿಲ್ಲ. ಕಣ್ಣು ಮುಚ್ಚಿಕೊಂಡು ಮಲಗಿರುತ್ತೇನೆ, ಒಣ ಕಲ್ಲಿನ ಸದ್ದು ಕೇಳುತ್ತದೆ.

ಬೇಸಿಗೆ ಏರಿತು. ಒಂದು ಬೆಳಗ್ಗೆ ನೆಲ ನಡುಗಲಿಲ್ಲ. ಆ ನಿಶ್ಶಬ್ದಕ್ಕೇ ಎಚ್ಚರವಾಯಿತು. ನಲ್ಲಿ ತಿರುಗಿಸಿದರೆ ಬರೀ ಗಾಳಿ. ಕೆಳಗೆ ಜನ ಸೇರಿ ಫೋನು ಹಿಡಿದು ಕೂಗಾಡುತ್ತಿದ್ದರು. ಮುನಿರಾಜು ಲಾರಿಯಿಲ್ಲದೆ ಬೈಕಿನಲ್ಲಿ ಬಂದಿದ್ದ. ನನ್ನನ್ನು ಕಂಡವನೇ ಬದಿಗೆ ಕರೆದ.

"ಅಜ್ಜಿ, ನಿಮ್ಮ ನಂಜಮ್ಮ ರೋಡಲ್ಲಿ ಕೂತವ್ರೆ. ಊರ ಎಂಗಸ್ರೆಲ್ಲಾ ಕೊಡ ಅಡ್ಡ ಇಟ್ಕೊಂಡು ಕೂತವ್ರೆ. ಒಂದು ಗಾಡೀನೂ ಬಿಡ್ತಿಲ್ಲ."

ನಿಮಗೆ ನಿಜ ಹೇಳುತ್ತೇನೆ. ನನ್ನ ಎದೆ ಹಿಗ್ಗಿತು. ಭಲೇ ಎಂದು ಬಾಯಿತನಕ ಬಂತು. ಮೇಲೆ ಕೂಸು ಅಳುವುದು ಕೇಳಿಸಿತು, ಬಾಯಿಗೆ ಬಂದದ್ದು ಹಾಗೇ ನಿಂತಿತು. ಸೆಕೆಗೆ ಕೂಸಿನ ಕತ್ತಿನ ಮಡಿಕೆಯಲ್ಲೆಲ್ಲ ಬೆವರುಸಾಲೆ ಎದ್ದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮಾರನೆಯ ದಿನವೂ ಅಷ್ಟೇ.

ಸಂಜೆ ಕೆಳಗೆ ಸಭೆ ಸೇರಿತು. ನಾನೂ ಹೋದೆ, ಕೂಸನ್ನು ಎತ್ತಿಕೊಂಡೇ. ಇಂಗ್ಲಿಷು, ಹಿಂದಿ, ಕನ್ನಡ ಮೂರೂ ಕಲೆಸಿ ಜಗಳ. ಪೊಲೀಸರಿಗೆ ಹೇಳಿ ಎನ್ನುವವರು ಕೆಲವರು, ಬೇರೆ ಪಾಯಿಂಟು ಹುಡುಕಿ ಎನ್ನುವವರು ಕೆಲವರು. ನಾನು ಕೈ ಎತ್ತಿದೆ.

"ಪೊಲೀಸ್ನೋರು ಬ್ಯಾಡ. ಅಲ್ಲಿ ಕೂತಿರೋರು ನಮಗೆ ನೀರು ಕೊಟ್ಟೋರು. ಸ್ವಲ್ಪ ದಿನ ಕಮ್ಮಿ ಬಳಸೋಣ. ಪೈಪ್ ಹಿಡಿದು ಕಾರು ತೊಳೆಯೋದು ನಿಲ್ಸಿ. ನಾಲ್ಕು ಜನ ಹೋಗಿ ಅವರ ಜೊತೆ ಮಾತಾಡಿ. ಬೇಕಾದ್ರೆ ನಾನೂ ಬರ್ತೀನಿ."

ಕಾರ್ಯದರ್ಶಿ ಒಳ್ಳೆಯ ಮನುಷ್ಯ. "ಅಜ್ಜಿ ಹೇಳೋದು ನೂರಕ್ಕೆ ನೂರು ಸರಿ" ಎಂದ. ಚಪ್ಪಾಳೆಯೂ ಬಿತ್ತು. "ಆದ್ರೆ ಅಜ್ಜಿ, ನಾಳೆ ಬೆಳಗ್ಗೆ ಇಷ್ಟು ಮನೆಯವರು ಬಚ್ಚಲಿಗೆ ಹೋಗ್ಬೇಕಲ್ಲಾ?" ಎಂದ. ಕಾರು ತೊಳೆಯುವುದು ನಿಂತಿತು. ಅದೊಂದು ನನ್ನ ಗೆಲುವು ಎಂದು ಬರೆದುಕೊಳ್ಳಿ. ಪೊಲೀಸರ ಮಾತೂ ಬಿದ್ದುಹೋಯಿತು. ನಂಜಮ್ಮನ ಬಳಿ ಹೋಗಿ ಮಾತಾಡುವುದು ಮುಂದಿನ ವಾರಕ್ಕೆ ಹೋಯಿತು.

ಮರುದಿನ ನೆಲ ನಡುಗಿತು. ನಾನು ಕೆಳಗಿಳಿದೆ. ಮುನಿರಾಜು ಅಲ್ಲ, ಬೇರೆ ಲಾರಿ, ಬೇರೆಯವನು. ಚಕ್ರಕ್ಕೆ ಮೆತ್ತಿದ್ದದ್ದು ಬೇರೆ ಬಣ್ಣದ ಮಣ್ಣು.

"ಯಾವೂರಿಂದಪ್ಪಾ ಈ ನೀರು?" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀರಿಗೆ ಯಾವೂರಮ್ಮಾ?" ಎಂದು ಗಾಜು ಏರಿಸಿಕೊಂಡ.

ಮೇಲೆ ಬಂದು ಶೋಭಾಗೆ ಹೇಳಿದೆ. ಅವಳು ನನ್ನನ್ನೇ ನೋಡಿದಳು. ಇವನ ಹಿಂದೆಯೂ ಹೋಗೋಣವೇ, ಅಲ್ಲಿಯೂ ಒಬ್ಬಳು ಜಗಲಿಯಲ್ಲಿ ಕೂತಿರುತ್ತಾಳೆಯೇ ಎಂದು ಇಬ್ಬರೂ ಯೋಚಿಸುತ್ತಿದ್ದೆವು. ಶೋಭಾ ಎದ್ದು ಹೋಗಿ ನಲ್ಲಿ ತಿರುಗಿಸಿದಳು. ನಲ್ಲಿಯಿಂದ ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ ನೀರು ಬಂತು.

ಊರಲ್ಲಿ ಇದ್ದಿದ್ದರೆ ನಾನು ನಂಜಮ್ಮನ ಪಕ್ಕ ಕೊಡ ಅಡ್ಡ ಇಟ್ಟುಕೊಂಡು ಕೂತಿರುತ್ತಿದ್ದೆ, ನಿಮ್ಮನ್ನೂ ಎಳೆದು ಕೂರಿಸಿಕೊಂಡಿರುತ್ತಿದ್ದೆ. ಇಲ್ಲಿ ಗೇಟಿನ ಒಳಗೆ ಲಾರಿಗೆ ಕಾಯುತ್ತ ನಿಂತಿದ್ದವಳೂ ನಾನೇ. ಯಾವಾಗ ಬರುತ್ತೀ ಎಂದು ನೀವು ಕೇಳಿಕಳಿಸುತ್ತೀರಿ. ಯಾವ ನನ್ನನ್ನು ಕರೆಯುತ್ತಿದ್ದೀರಿ ಎಂದು ನನಗೇ ತಿಳಿಯುತ್ತಿಲ್ಲ.

"ಅತ್ತೆ, ನೀರು ಆರ್ತಿದೆ" ಎಂದ ರಘು.

ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡೆ. ಒಂದು ಚೊಂಬು ಎರೆದೆ. ಬೆವರುಸಾಲೆಯ ಉರಿಗೆ ನೀರು ತಾಗಿ ಕೂಸು ಒಮ್ಮೆ ಬೆಚ್ಚಿತು, ಆಮೇಲೆ ಎರಡೂ ಕಾಲು ಬಡಿದು ಗಟ್ಟಿಯಾಗಿ ನಕ್ಕಿತು. ಬಾಯಿತುಂಬ ನಕ್ಕದ್ದು ಅದೇ ಮೊದಲು. ಆ ನಗು ಕೇಳಿ ನನಗೆ ಕುಣಿಯುವಷ್ಟು ಆನಂದವಾಯಿತು, ಇಲ್ಲವೆನ್ನುವುದಿಲ್ಲ. ಇನ್ನೊಂದು ಚೊಂಬಿಗೆ ಕೈ ತಾನಾಗಿಯೇ ಚಾಚಿತು.